ಗುಡ್ಡ ಬಿಟ್ಟಷ್ಟು ಓಟ

ಗುಡ್ಡದ ಓಟದಲ್ಲಿ ಅರ್ಧ ನಡಿಗೆಯೇ ಇರುತ್ತದೆ. ಏರು ಕಡಿದಾದಲ್ಲಿ ನಡೆದು, ಮಟ್ಟಸ ನೆಲ ಸಿಕ್ಕಲ್ಲಿ ಓಡಿ, ಇಳುಕಲಿನಲ್ಲಿ ಹೆಜ್ಜೆ ನೋಡಿ ನೋಡಿ ಇಡುವುದು ಇದರ ರೀತಿ. ಇಷ್ಟು ಕಿಲೋಮೀಟರಿಗೆ ಇಷ್ಟು ನಿಮಿಷ ಎಂಬ ಲೆಕ್ಕ ಡಾಂಬರು ರಸ್ತೆಗೆ ಸರಿ. ಕಲ್ಲು, ಕೊರಕಲು, ಹೊಲದ ಬದು ದಾಟಿ ಹೋಗುವ ದಾರಿಯಲ್ಲಿ ಅದು ಮೊದಲ ಏರಿನಲ್ಲೇ ಕೈಕೊಡುತ್ತದೆ.

ಇಂಗ್ಲೆಂಡಿನ ವಾಯವ್ಯಕ್ಕಿರುವ ಲೇಕ್ ಡಿಸ್ಟ್ರಿಕ್ಟಿನಲ್ಲಿ ಇದು ಊರ ಜನರ ಹಳೆಯ ಹವ್ಯಾಸ. ಅಲ್ಲಿನ ಬೋಳುಗುಡ್ಡಗಳಿಗೆ ‘ಫೆಲ್’ ಎನ್ನುತ್ತಾರೆ. ಕೆಸ್ವಿಕ್ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರ ಜೂನ್‌ನಲ್ಲಿ 24 ಗಂಟೆಯೊಳಗೆ 42 ಗುಡ್ಡ ಹತ್ತಿಳಿದರು. ಅವರ ಕಾಲಲ್ಲಿದ್ದದ್ದು ಟೆನಿಸ್ ಬೂಟು. ಆ ಸುತ್ತನ್ನು ಮತ್ತೊಬ್ಬರು ಅಷ್ಟೇ ಹೊತ್ತಿನಲ್ಲಿ ಮುಗಿಸಿದ್ದು 1960ರಲ್ಲಿ. ಅದೇ ಸೀಮೆಯ ಕುರಿಗಾಹಿ ಜಾಸ್ ನೇಲರ್ 1975ರಲ್ಲಿ ಒಂದೇ ದಿನಕ್ಕೆ 72 ಗುಡ್ಡ ಮುಟ್ಟಿಬಂದರು. ತಪ್ಪಿಸಿಕೊಂಡ ಕುರಿಯ ಹಿಂದೆ ಗುಡ್ಡ ಅಲೆಯುವುದೇ ಜೀವನವಾದವರಿಗೆ ಬೇರೆ ಅಭ್ಯಾಸ ಎಷ್ಟು ಬೇಕಾದೀತು!

ಯೋಜನೆಯಿಲ್ಲದ ಓಟವನ್ನು ಸೋಮಾರಿತನ ಎನ್ನುವವರಿಗೆ ಸ್ವೀಡನ್ ಉತ್ತರ ಕೊಟ್ಟಿದೆ. 1930ರ ದಶಕದಲ್ಲಿ ಅಲ್ಲಿನ ತರಬೇತುದಾರ ಗೋಸ್ಟಾ ಹೋಲ್ಮರ್ ‘ಫಾರ್ಟ್‌ಲೆಕ್’ ಎಂಬ ಪದ್ಧತಿ ರೂಪಿಸಿದರು. ಹೆಸರಿನ ಅರ್ಥ ‘ವೇಗದ ಆಟ’. ಕಾಡುದಾರಿಯಲ್ಲಿ ಮನಸ್ಸು ಬಂದಾಗ ಜೋರಾಗಿ, ಸಾಕೆನಿಸಿದಾಗ ನಿಧಾನವಾಗಿ ಓಡುವುದು ಅದರ ತಿರುಳು. ಈ ಬಗೆಯ ಓಟದಲ್ಲಿ ಪಳಗಿದ ಗುಂಡರ್ ಹೆಗ್ 1945ರಲ್ಲಿ ಒಂದು ಮೈಲಿಯನ್ನು 4 ನಿಮಿಷ 1.4 ಸೆಕೆಂಡಿನಲ್ಲಿ ಓಡಿದರು. ಆ ದಾಖಲೆ 1954ರವರೆಗೆ ಉಳಿಯಿತು.

ಏರಿನಲ್ಲಿ ಹೃದಯ, ಶ್ವಾಸಕೋಶಗಳಿಗೆ ದುಡಿಮೆ ಹೆಚ್ಚು. ಹೆಜ್ಜೆ ಚಿಕ್ಕದಾದಷ್ಟೂ ಉಸಿರು ಹದದಲ್ಲಿರುತ್ತದೆ. ಜೊತೆಗಾರರೊಡನೆ ಪೂರ್ತಿ ವಾಕ್ಯ ಆಡುವಷ್ಟು ಉಸಿರಿದ್ದರೆ ವೇಗ ಸರಿಯಾಗಿದೆ. ಒಂದೊಂದೇ ಪದ ಹೊರಡುತ್ತಿದ್ದರೆ ನಡೆಯುವ ಹೊತ್ತಾಯಿತು. ತೀರಾ ಕಡಿದಾದ ಏರಿನಲ್ಲಿ ಒಂದೇ ವೇಗಕ್ಕೆ ಓಟಕ್ಕಿಂತ ನಡಿಗೆಗೇ ಕಡಿಮೆ ಶಕ್ತಿ ಸಾಕು. ಆದ್ದರಿಂದ ಅಲ್ಲಿ ತೊಡೆಯ ಮೇಲೆ ಕೈಯೂರಿ ನಡೆಯುವವರನ್ನು ಸೋತವರೆಂದು ತಿಳಿಯಬೇಕಿಲ್ಲ. ನಿಜವಾದ ಪೆಟ್ಟು ಕೊಡುವುದು ಇಳಿಜಾರು. ಮೈಯ ಭಾರ ತಡೆಯುತ್ತ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಯಬೇಕಾಗುತ್ತದೆ. ಅದರ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗುತ್ತದೆ. ಅಂದು ಏನೂ ಗೊತ್ತಾಗುವುದಿಲ್ಲ. ನೋವು ಕಾಣಿಸುವುದು ಮರುದಿನ, ಮನೆಯ ಮೆಟ್ಟಿಲು ಇಳಿಯುವಾಗ. ಎರಡು ಮೂರು ದಿನದಲ್ಲಿ ಅದು ಇಳಿಯತೊಡಗುತ್ತದೆ. ಮುಂದಿನ ಸಲ ಅದೇ ಇಳಿಜಾರು ಅಷ್ಟು ನೋಯಿಸದು.

ಹೊತ್ತಿನ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ನಡಿಗೆಯ ಲೆಕ್ಕ. ಸಾವಕಾಶವಾಗಿ ಓಡುವವರು ಇದನ್ನೇ ಹಿಡಿದು ಹೊರಟರೆ, ದಾರಿಯಲ್ಲಿ ಕೂತು ನೀರು ಕುಡಿಯಲೂ ಹೊತ್ತು ಉಳಿಯುತ್ತದೆ.

ಬೆಂಗಳೂರಿಗೆ ಹತ್ತಿರದ ಇಂಥ ಜಾಗ ನಂದಿ ಬೆಟ್ಟದ ಸುತ್ತಲ ಹಳ್ಳಿಗಳು. ಬೆಟ್ಟದ ಎತ್ತರ 1,478 ಮೀಟರ್; ಬುಡದಿಂದ ತುದಿಗೆ ಸುಮಾರು 500 ಮೀಟರ್ ಏರು. ಭೋಗನಂದೀಶ್ವರ ದೇವಾಲಯದ ಆಸುಪಾಸಿನಲ್ಲಿ ದ್ರಾಕ್ಷಿ ತೋಟ, ರಾಗಿ ಹೊಲಗಳ ನಡುವೆ ಬಂಡಿದಾರಿಗಳಿವೆ. ಮೊದಲ ಸಲ ಬರುವವರಿಗೆ ತುದಿಗಿಂತ ಈ ದಾರಿಗಳೇ ವಾಸಿ. ಮಂಜು ಬಿದ್ದ ಬೆಳಗಿನಲ್ಲಿ ಹಾಸುಬಂಡೆ ಜಾರುತ್ತದೆ. ಒಣಗಿದಾಗಲೂ ಬಂಡೆಯ ಮೇಲಿನ ಗರಸು ಮಣ್ಣನ್ನು ನಂಬುವಂತಿಲ್ಲ. ಹಳ್ಳಿಯ ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯುವುದು ಒಳ್ಳೆಯದು, ಓಡುವವರನ್ನು ಕಂಡರೇ ಅದಕ್ಕೆ ಹುರುಪು. ಕಾಲಿಗೆ ಹಿಡಿತವಿರುವ ಬೂಟು, ಕೈಗೆ ನೀರು, ಜೇಬಿಗೆ ಎರಡು ಕಡಲೆ ಚಿಕ್ಕಿ ಸಾಕು. ಪಕ್ಕದ ಸ್ಕಂದಗಿರಿ ಹತ್ತುವ ಆಸೆಯಾದರೆ ಮಾತ್ರ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.