ಎಲ್ಲರಿಗೂ ನೀಲಿ ಟರಾಂಟುಲಾ ಬೇಕು, ಕಂದು ಜೇಡ ಯಾರಿಗೂ ಬೇಡ! ಸಾಕುವವರು ಕಡೆಗಣಿಸಿದ ಜೇಡಗಳ ಅಸಲಿ ಕಥೆ

ಅಂಗೈ ಅಗಲದ, ಮೈತುಂಬ ಕೂದಲಿರುವ ಜೇಡದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಒಂದು ಗ್ರೂಪಿನಲ್ಲಿ ‘ಇದು ಕಚ್ಚಿದರೆ ನಿಮಿಷದಲ್ಲಿ ಸಾವು, ಎಲ್ಲರಿಗೂ ಶೇರ್ ಮಾಡಿ’ ಎಂಬ ಎಚ್ಚರಿಕೆ. ಇನ್ನೊಂದರಲ್ಲಿ ಅಂಥದ್ದೇ ಜೇಡವನ್ನು ಕೈಮೇಲೆ ಹರಿದಾಡಿಸುವ ರೀಲ್ಸ್. ಯಾವುದನ್ನು ನಂಬಬೇಕು? ಎರಡೂ ಪೂರ್ತಿ ನಿಜವಲ್ಲ.

ಅಮೆರಿಕ, ಯುರೋಪಿನಲ್ಲಿ ನಾಯಿ, ಬೆಕ್ಕು ಸಾಕುವಂತೆ ಟರಾಂಟುಲಾ ಸಾಕುವ ಹವ್ಯಾಸಿಗಳು ಸಾವಿರಾರು ಮಂದಿ ಇದ್ದಾರೆ. ಅವರಲ್ಲೂ ಹೊಸಬರು ಮೊದಲು ನೋಡುವುದು ಬಣ್ಣವನ್ನೇ. ಆದರೆ ಅನುಭವಿಗಳು ಕೇಳುವ ಪ್ರಶ್ನೆ ಬೇರೆ: ಇದರ ಸ್ವಭಾವ ಹೇಗೆ?

ಕಚ್ಚಿದರೆ ಸಾಯುತ್ತಾರಾ?

ಟರಾಂಟುಲಾ ವಿಷದಿಂದಲೇ ಮನುಷ್ಯ ಸತ್ತದ್ದು ವೈದ್ಯಕೀಯವಾಗಿ ಖಚಿತವಾದ ಪ್ರಕರಣ ಇಲ್ಲ. 2012ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡ ಕಚ್ಚಿ ಇಬ್ಬರು ಸತ್ತರೆಂದು ದೊಡ್ಡ ಗಾಬರಿ ಎದ್ದಿತ್ತು. ಜೇಡದ ವಿಷದಿಂದಲೇ ಸತ್ತರು ಎಂಬುದು ಕೊನೆಗೂ ಸಾಬೀತಾಗಲಿಲ್ಲ. ಆಸ್ಪತ್ರೆಗೆ ಬರುವ ಮೊದಲು ನಾಟಿ ಚಿಕಿತ್ಸೆಯ ಹೆಸರಿನಲ್ಲಿ ಗಾಯವನ್ನು ಬ್ಲೇಡಿನಿಂದ ಕುಯ್ದಿದ್ದರು ಎಂಬ ವರದಿಗಳೂ ಬಂದವು.

ಹಾಗಂತ ಎಲ್ಲ ಟರಾಂಟುಲಾಗಳೂ ಒಂದೇ ಅಲ್ಲ. ಇವನ್ನು ಎರಡು ಗುಂಪು ಮಾಡಬಹುದು.

ಅಮೆರಿಕ ಖಂಡಗಳ ಹಲವು ಜಾತಿಗಳ ವಿಷ ಸೌಮ್ಯ, ಕಚ್ಚುವುದೂ ಕಡಿಮೆ. ಬೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಸಣ್ಣ ಕೂದಲನ್ನು ಕೆರೆದು ಗಾಳಿಗೆ ಎರಚುತ್ತವೆ. ಕಂಬಳಿಹುಳ ಮುಟ್ಟಿದರೆ ಆಗುವ ತುರಿಕೆ ನೆನಪಿದೆಯಲ್ಲ, ಹಾಗೆಯೇ ಚರ್ಮ ಕೆರೆಯುತ್ತದೆ.

ಭಾರತವೂ ಸೇರಿ ಏಷ್ಯಾ, ಆಫ್ರಿಕಾದ ಟರಾಂಟುಲಾಗಳಿಗೆ ಈ ತುರಿಕೆ ಕೂದಲಿಲ್ಲ. ಅವುಗಳ ರಕ್ಷಣೆ ಎರಡೇ: ಮಿಂಚಿನ ಓಟ, ಇಲ್ಲವೇ ಕಡಿತ. ನಮ್ಮ ಮರವಾಸಿ ಪೀಸಿಲೋಥೀರಿಯಾ ಕುಲದ ಜೇಡಗಳು ಕಚ್ಚಿದರೆ ಕೆಲವರಿಗೆ ದಿನಗಟ್ಟಲೆ ಸ್ನಾಯು ಸೆಳೆತ ಬರುತ್ತದೆ. ಸಾವಲ್ಲ, ಆದರೆ ತಮಾಷೆಯೂ ಅಲ್ಲ.

ಎಲ್ಲರಿಗೂ ಬೇಕಾದ ಆ ನೀಲಿ ಜೇಡ

ಹವ್ಯಾಸಿಗಳ ಕನಸಿನ ನೀಲಿ ಟರಾಂಟುಲಾ ಪೀಸಿಲೋಥೀರಿಯಾ ಮೆಟಾಲಿಕಾ ಇದೇ ಕುಲದ್ದು, ಅದೂ ನಮ್ಮ ಪಕ್ಕದ ಆಂಧ್ರದ್ದು. 1899ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಮೊದಲು ವಿವರಿಸಿದರು. ಆಗ ಸಿಕ್ಕಿದ್ದು ಗುಂತಕಲ್ ಹತ್ತಿರದ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ. ಬಹುಶಃ ಕಡಿದ ದಿಮ್ಮಿಗಳ ಜೊತೆ ಅಲ್ಲಿಗೆ ಬಂದಿತ್ತು. ಅದರ ನಿಜವಾದ ಮನೆ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡು ಎಂದು ಗೊತ್ತಾದದ್ದು ನೂರು ವರ್ಷಗಳ ಬಳಿಕ.

ಅದರ ನೀಲಿ ಯಾವುದೋ ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ನವಿಲುಗರಿಯಲ್ಲಿ ಆಗುವಂತೆ, ಕೂದಲಿನ ಅತಿಸೂಕ್ಷ್ಮ ರಚನೆಗೆ ಬೆಳಕು ಬಿದ್ದು ಹೊಮ್ಮುವ ಹೊಳಪು ಅದು.

ಆ ಹೊಳಪೇ ಅದಕ್ಕೆ ಮುಳುವಾಯಿತು. ಕಾಡು ಕಡಿಯುವುದು ಒಂದು ಕಡೆ, ಮಾರಾಟಕ್ಕೆ ಹಿಡಿಯುವುದು ಇನ್ನೊಂದು ಕಡೆ. 2008ರಿಂದ ಇದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿರುವ ಜೀವಿ’. 2019ರಲ್ಲಿ ಇಡೀ ಪೀಸಿಲೋಥೀರಿಯಾ ಕುಲವನ್ನು, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಲಾಯಿತು.

ಯೋಚಿಸಿ: ವೇಗದ ಓಟ, ನೋವಿನ ಕಡಿತ, ಕಾಡಿನಲ್ಲಿ ಅಳಿವಿನಂಚು. ಹೊಸಬರು ಆಸೆಪಡುವುದು ಇದಕ್ಕೇ!

ಯಾರೂ ತಿರುಗಿ ನೋಡದ ಮೂರು ಜೇಡಗಳು

ಅರಿಝೋನಾ ಬ್ಲಾಂಡ್: ಅಮೆರಿಕದ ಸೊನೋರಾ ಮರುಭೂಮಿಯದು. ಒಣಹುಲ್ಲಿನ ಬಣ್ಣ, ನಿಧಾನ ನಡಿಗೆ. ಅಲ್ಲಿ ಮಳೆಗಾಲ ಬಂತೆಂದರೆ ಗಂಡುಗಳು ಹೆಣ್ಣನ್ನು ಹುಡುಕುತ್ತಾ ರಸ್ತೆ ದಾಟುವುದು ಕಾಣುತ್ತದೆ. ಗಂಡು ಅದಾದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಹೆಣ್ಣು ಮಾತ್ರ 20 ವರ್ಷ ದಾಟಿ ಬದುಕಬಲ್ಲದು.

ಗುಂಗುರು ಕೂದಲಿನ ಟರಾಂಟುಲಾ: ಕೋಸ್ಟರಿಕಾ, ನಿಕರಾಗುವಾ ಕಡೆಯದು. ಕಂದು ಮೈ, ನಿದ್ದೆಯಿಂದ ಎದ್ದು ತಲೆ ಬಾಚದವರಂಥ ಕೂದಲು. ಶಾಂತ ಸ್ವಭಾವ, ಚೆನ್ನಾಗಿ ತಿನ್ನುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತದೆ.

ಚಾಕೊ ಗೋಲ್ಡನ್ ನೀ: ಅರ್ಜೆಂಟೀನಾ, ಪರಾಗ್ವೆ ಬಯಲಿನದು. ಕಾಲಗಲ 20 ಸೆಂಟಿಮೀಟರ್ ತನಕ ಬೆಳೆದರೂ ಸಾಧು. ಹತ್ತಿರದಿಂದ ನೋಡಿದರೆ ಮಂಡಿಯ ಮೇಲೆ ಹೊಂಬಣ್ಣದ ಪಟ್ಟಿ ಕಾಣುತ್ತದೆ. ದೂರದಿಂದ ಬರೀ ಕಂದು, ಅದಕ್ಕೇ ಕಡೆಗಣನೆ.

ಸಾಧು ಜೇಡದಲ್ಲೂ ಅಪಾಯ ಉಂಟು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ 29 ವರ್ಷದ ಒಬ್ಬರು ತಮ್ಮ ಚಿಲಿಯನ್ ರೋಸ್ ಟರಾಂಟುಲಾದ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದಾಗ ಅದು ಕೂದಲು ಎರಚಿತು. ಮೂರು ವಾರ ಕಳೆದರೂ ಕಣ್ಣಿನ ಕೆಂಪು ಹೋಗಲಿಲ್ಲ. ವೈದ್ಯರು ದೊಡ್ಡದು ಮಾಡಿ ನೋಡಿದರೆ, ಕಣ್ಣಿನ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರದಲ್ಲಿ ಕೂದಲು ನೆಟ್ಟಿದ್ದವು. ಚಿಮಟದಿಂದ ತೆಗೆಯಲಾಗದಷ್ಟು ಸಣ್ಣವು! ಹಾಗಾಗಿ ಪೆಟ್ಟಿಗೆಗೆ ಕೈ ಹಾಕುವಾಗ ಕನ್ನಡಕ ಬೇಕು. ಆ ಕೈಯಿಂದ ಕಣ್ಣು ಉಜ್ಜಬಾರದು.

ಕೈಮೇಲೆ ಆಡಿಸುವುದರಲ್ಲಿ ಜೇಡಕ್ಕೂ ಅಪಾಯ. ಸೊಂಟದೆತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಪೊರೆ ಬಿಡುವಾಗ ಅದು ಬೆನ್ನ ಮೇಲೆ ಅಂಗಾತ ಮಲಗುತ್ತದೆ. ಸತ್ತಿತೆಂದು ತಿಳಿದು ಎಸೆದವರೂ ಇದ್ದಾರೆ. ಆಗ ಮುಟ್ಟದೆ ಬಿಟ್ಟರೆ ಸಾಕು, ಹೊಸ ಮೈಯೊಡನೆ ಏಳುತ್ತದೆ.

ನಮ್ಮ ಊರಲ್ಲಿ ಕಂಡರೆ?

ಕರ್ನಾಟಕಕ್ಕೆ ಟರಾಂಟುಲಾ ಹೊಸದೇನಲ್ಲ. ಪಶ್ಚಿಮ ಘಟ್ಟದ ಮಣ್ಣಿನ ದರೆಗಳಲ್ಲಿ ಥ್ರಿಗ್ಮೋಪಿಯಸ್ ಕುಲದ ಕಂದು ಜೇಡಗಳು ಬಿಲ ತೋಡಿ, ಬಾಯಿಗೆ ರೇಷ್ಮೆ ನೇಯ್ದು ಕೂರುತ್ತವೆ. ಮೈಸೂರಿನ ಹೆಸರನ್ನೇ ಹೊತ್ತ ‘ಮೈಸೂರ್ ಆರ್ನಮೆಂಟಲ್’ ಮರದ ಪೊಟರೆಯಲ್ಲಿ ಇರುತ್ತದೆ. ಇವು ರಾತ್ರಿ ಜಿರಳೆ, ಮಿಡತೆ ಹಿಡಿದು ತಿನ್ನುತ್ತವೆ. ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ.

ಮನೆಯೊಳಗೆ ಬಂದರೆ ಅಗಲ ಬಾಯಿಯ ಡಬ್ಬಿ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ಹೊರಗೆ ಗಿಡಗಳ ನಡುವೆ ಬಿಡಿ. ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ ಸೋಪಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿ, ಗಾಯ ಕುಯ್ಯಲು ಯಾರಿಗೂ ಬಿಡಬೇಡಿ.

ಸಾಕುವ ಆಸೆಯೇ? ಕಾಡಿನಿಂದ ಹಿಡಿದು ತರಬೇಡಿ. ಆನ್‌ಲೈನಿನಲ್ಲಿ ಕದ್ದುಮುಚ್ಚಿ ಮಾರುವವರಿಂದ ಕೊಳ್ಳಬೇಡಿ. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸೈಟಿಸ್ ಪಟ್ಟಿಯ ಜೀವಿಗಳಿಗೂ ಅನ್ವಯಿಸುತ್ತದೆ. ಮೆಕ್ಸಿಕೋದ ಜನಪ್ರಿಯ ರೆಡ್ ನೀ ಟರಾಂಟುಲಾ ಕೂಡ ಆ ಪಟ್ಟಿಯಲ್ಲಿದೆ. ಅಂಥ ವಿದೇಶಿ ಜೀವಿಯನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಮುಂದಿನ ಸಲ ‘ಕೊಲೆಗಾರ ಜೇಡ’ದ ವಿಡಿಯೊ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಒಂದು ಕ್ಷಣ ನಿಲ್ಲಿ. ಆ ಸಂದೇಶ ಓದಿ ಗಾಬರಿಯಾದವರು ನಾಳೆ ಬೇಲಿಯಲ್ಲಿ ಕಂಡ ಜೇಡವನ್ನು ಪೊರಕೆಯಿಂದ ಬಡಿಯುತ್ತಾರೆ. ಸತ್ತದ್ದು 10 ವರ್ಷದಿಂದ ಅದೇ ಬಿಲದಲ್ಲಿ ತನ್ನ ಪಾಡಿಗೆ ಇದ್ದ ಒಂದು ಹೆಣ್ಣಾಗಿರಬಹುದು.