ಜರ್ಮನ್‌ಟೌನ್ ಮೆನ್ನೊನೈಟ್ ಸಭೆ: ದೀಕ್ಷೆ ಕೊಡುವವರಿಲ್ಲದೆ ಹುಟ್ಟಿದ ಸಮುದಾಯ

ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಈಗ ಒಂದು ಬಡಾವಣೆಯಾಗಿ ಬೆರೆತುಹೋಗಿರುವ ಜರ್ಮನ್‌ಟೌನ್‌ನ ಹೆದ್ದಾರಿಯಲ್ಲಿ, 1770ರಲ್ಲಿ ಕಟ್ಟಿದ, ಗೋಪುರವಿಲ್ಲದ ಸಣ್ಣದೊಂದು ಕಲ್ಲಿನ ಪ್ರಾರ್ಥನಾ ಮಂದಿರವಿದೆ. ಉತ್ತರ ಅಮೆರಿಕದಲ್ಲಿ ಮೆನ್ನೊನೈಟರು ನೆಲೆಯೂರಿ ಕಟ್ಟಿಕೊಂಡ ಮೊದಲ ಸಭೆ ಇಲ್ಲಿಯದು. ಹಿರಿತನದ ಈ ಗೌರವಕ್ಕೂ ಸಭೆಯ ಗಾತ್ರಕ್ಕೂ ಯಾವ ಕಾಲದಲ್ಲೂ ತಾಳೆಯಾಗಲಿಲ್ಲ. ಮುನ್ನೂರು ವರ್ಷಗಳ ಬಹುಪಾಲು ಅದು ಬೆರಳೆಣಿಕೆಯ ಕುಟುಂಬಗಳ ಕೂಟವಾಗಿಯೇ ಉಳಿಯಿತು. ಆದರೂ ಸಭೆಯೊಂದಕ್ಕೆ ಅಧಿಕಾರ ಎಲ್ಲಿಂದ ಬರುತ್ತದೆ, ಅದರ ಸದಸ್ಯರು ಯಾರು ಎಂಬುದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗಳು ಇಲ್ಲಿ ಎದ್ದಷ್ಟು ನೇರವಾಗಿ ಬೇರೆಡೆ ಎದ್ದದ್ದು ವಿರಳ.

ಮೆನ್ನೊನೈಟರೆಂದರೆ ಹದಿನಾರನೆಯ ಶತಮಾನದ ಯೂರೋಪಿನಲ್ಲಿ ನಡೆದ ಧರ್ಮಸುಧಾರಣೆಯ ಅತ್ಯಂತ ತೀವ್ರವಾದ ಕವಲಿನಿಂದ ಬಂದವರು. 1525ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವರು, ಹಸುಗೂಸಿಗೆ ಕೊಡುವ ದೀಕ್ಷಾಸ್ನಾನ ಅರ್ಥಹೀನ, ಅರಿತು ನಂಬಿದ ವಯಸ್ಕರಿಗೆ ಮಾತ್ರ ಅದು ಸಲ್ಲಬೇಕು ಎಂದು ಸಾರಿ, ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷೆ ಕೊಟ್ಟುಕೊಂಡರು. ಊರಿನ ಪ್ರತಿ ಮಗುವೂ ಹುಟ್ಟುತ್ತಲೇ ಚರ್ಚಿಗೂ ರಾಜ್ಯಕ್ಕೂ ಸೇರಿದ್ದೆಂದು ಎಣಿಸುತ್ತಿದ್ದ ಕಾಲದಲ್ಲಿ ಇದು ರಾಜದ್ರೋಹಕ್ಕೆ ಸಮನಾಗಿತ್ತು. ಆ ಗುಂಪಿನ ಫೆಲಿಕ್ಸ್ ಮಾಂಟ್ಸ್ ಅವರನ್ನು 1527ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಮುಂದೆ 1536ರಲ್ಲಿ ಕ್ಯಾಥೊಲಿಕ್ ಪಾದ್ರಿತನವನ್ನು ತೊರೆದು ಬಂದು ನೆದರ್ಲೆಂಡ್ಸಿನ ಚದುರಿದ ಗುಂಪುಗಳನ್ನು ಒಂದುಗೂಡಿಸಿದ ಮೆನ್ನೊ ಸೈಮನ್ಸ್ ಅವರ ಹೆಸರು ಈ ಪಂಥಕ್ಕೆ ನಿಂತಿತು. ಆಯುಧ ಹಿಡಿಯದಿರುವುದು ಮತ್ತು ಆಣೆ ಇಡದಿರುವುದು ಇವರ ಗುರುತುಗಳಾದವು. ಕನ್ನಡಿಗರಿಗೆ ಈ ಹೆಸರು ತೀರ ದೂರದ್ದೇನಲ್ಲ. ರಾಯಚೂರಿನ ಗಡಿಗೆ ತಾಗಿಕೊಂಡ ತೆಲಂಗಾಣದ ಪಾಲಮೂರು ಸೀಮೆಯಲ್ಲಿ ಇದೇ ಪರಂಪರೆಯ ಮೆನ್ನೊನೈಟ್ ಬ್ರೆದರನ್ ಸಭೆಗಳಿವೆ.

ಜರ್ಮನ್‌ಟೌನ್‌ಗೆ ಮೊದಲು ಬಂದವರು ರೈನ್ ನದಿಯ ಸಮೀಪದ ಕ್ರೆಫೆಲ್ಡ್ ಎಂಬ ನಾರುಬಟ್ಟೆ ನೇಕಾರರ ಊರಿನವರು. ಪೆನ್ಸಿಲ್ವೇನಿಯದಲ್ಲಿ ಧರ್ಮಸ್ವಾತಂತ್ರ್ಯ ಕೊಡುವುದಾಗಿ ಆ ವಸಾಹತಿನ ಸ್ಥಾಪಕ ವಿಲಿಯಂ ಪೆನ್ ಘೋಷಿಸಿದ್ದನ್ನು ನಂಬಿ, ಹದಿಮೂರು ಕುಟುಂಬಗಳು ಕಾಂಕರ್ಡ್ ಎಂಬ ಹಡಗನ್ನೇರಿ, 1683ರ ಅಕ್ಟೋಬರ್ 6ರಂದು ಫಿಲಡೆಲ್ಫಿಯ ತಲುಪಿದವು. ಇವರೆಲ್ಲರೂ ಮೆನ್ನೊನೈಟರೆಂದು ಹೇಳುವ ವಾಡಿಕೆ ಜನಪ್ರಿಯ ಬರಹಗಳಲ್ಲಿದೆಯಾದರೂ ಅದು ಸರಿಯಲ್ಲ. ಬಹುತೇಕರು ಮೆನ್ನೊನೈಟ್ ಮನೆತನಗಳಲ್ಲಿ ಹುಟ್ಟಿ, ಪಾದ್ರಿಯೇ ಇಲ್ಲದೆ ಮೌನದಲ್ಲಿ ಕುಳಿತು ಪ್ರಾರ್ಥಿಸುವ ಕ್ವೇಕರ್ ಪಂಥಕ್ಕೆ ಆಗಲೇ ಒಲಿದಿದ್ದರು. ಮೆನ್ನೊನೈಟರಾಗಿಯೇ ಉಳಿದಿದ್ದದ್ದು ಯಾನ್ ಲೆನ್ಸೆನ್ ಅವರ ಒಂದು ಕುಟುಂಬ ಮಾತ್ರ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಅಂದರೆ ಊರು ಹುಟ್ಟಿದ ವರ್ಷವೇ ಸಭೆ ಹುಟ್ಟಿದ ವರ್ಷವಲ್ಲ.

ಈ ಗೊಂದಲದ ಮೂಲಕವೇ 1688ರ ಏಪ್ರಿಲ್ 18ರ ಗುಲಾಮಗಿರಿ ವಿರೋಧಿ ಮನವಿಯ ಕೀರ್ತಿಯೂ ಮೆನ್ನೊನೈಟರ ಪಾಲಿಗೆ ಬಂದಿದೆ. ಅದಕ್ಕೆ ಸಹಿ ಹಾಕಿದ ಗೆರಿಟ್ ಹೆಂಡ್ರಿಕ್ಸ್, ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಡೆರಿಕ್ ಮತ್ತು ಅಬ್ರಹಾಂ ಆಪ್ ಡೆನ್ ಗ್ರಾಫ್ ಅವರು ಮಾತಾಡಿದ್ದು ಕ್ವೇಕರ್ ಸಭೆಯ ಪರವಾಗಿ, ಕ್ವೇಕರ್ ಹಿರಿಯರನ್ನೇ ಉದ್ದೇಶಿಸಿ. ಆದರೆ ಗ್ರಾಫ್ ಸಹೋದರರ ಅಜ್ಜ ಹರ್ಮನ್ ಅವರು ಮೆನ್ನೊನೈಟರ ಮುಖ್ಯ ವಿಶ್ವಾಸ ಪ್ರಮಾಣವಾದ 1632ರ ಡೋರ್ಡ್ರೆಕ್ಟ್ ನಿವೇದನೆಗೆ ರುಜು ಹಾಕಿದವರಲ್ಲೊಬ್ಬರಾಗಿದ್ದುದರಿಂದ ನಂಟು ಪೂರ್ತಿ ಕಲ್ಪಿತವೂ ಅಲ್ಲ. ಸಮುದ್ರದಲ್ಲಿ ಅಪರಿಚಿತ ಹಡಗು ಕಂಡರೆ ತುರ್ಕರು ಹಿಡಿದು ಗುಲಾಮರಾಗಿ ಮಾರಿಬಿಟ್ಟಾರೆಂದು ಬಿಳಿಯರು ನಡುಗುವುದಿಲ್ಲವೇ, ಹಾಗಿದ್ದರೆ ಕರಿಯರನ್ನು ಕದ್ದು ತಂದು ಮಾರುವುದು ಯಾವ ನ್ಯಾಯ ಎಂಬುದು ಅದರ ವಾದದ ತಿರುಳು. ಕ್ವೇಕರರ ಮಾಸಿಕ ಸಭೆಯು ಇದನ್ನು ತನ್ನ ಮೇಲಿನ ತ್ರೈಮಾಸಿಕ ಸಭೆಗೂ, ಅದು ವಾರ್ಷಿಕ ಸಭೆಗೂ ದಾಟಿಸಿತು. ವಾರ್ಷಿಕ ಸಭೆ ತೀರ್ಪು ಕೊಡದೆ ಅದನ್ನು ಬದಿಗಿಟ್ಟಿತು. ಸರ್ಕಾರಿ ಕಚೇರಿಯ ಕಡತ ಸುತ್ತುವುದನ್ನು ಬಲ್ಲ ಯಾರಿಗೂ ಇದು ಹೊಸದೆನಿಸದು. ಫಿಲಡೆಲ್ಫಿಯದ ಕ್ವೇಕರರು ತಮ್ಮ ಸದಸ್ಯರಿಗೆ ಗುಲಾಮರ ಒಡೆತನವನ್ನು ನಿಷೇಧಿಸಿದ್ದು 1776ರಲ್ಲಿ. ಮನವಿಗೆ ಸಹಿ ಬಿದ್ದದ್ದೆಂದು ಹೇಳಲಾಗುವ ಮೇಜು ಈಗ ಮೆನ್ನೊನೈಟ್ ಮಂದಿರದಲ್ಲಿದೆ.

ಮೆನ್ನೊನೈಟ್ ಸಭೆಯ ಸ್ವಂತ ಚರಿತ್ರೆ ಆರಂಭವಾಗುವುದು ಇದಕ್ಕಿಂತ ಸದ್ದಿಲ್ಲದ ಒಂದು ಕೊರತೆಯಿಂದ. 1690ರ ಸುಮಾರಿಗೆ ಮನೆಗಳಲ್ಲಿ ಪ್ರತ್ಯೇಕವಾಗಿ ಕೂಡತೊಡಗಿದ ಮೆನ್ನೊನೈಟರಲ್ಲಿ ಪ್ರಸಂಗ ಮಾಡುವವರಿಲ್ಲದ ಕಾರಣ, ಡಿರ್ಕ್ ಕೈಸರ್ ಎಂಬವರು ಮುದ್ರಿತ ಪುಸ್ತಕದಿಂದ ಪ್ರಸಂಗ ಓದಿ ಹೇಳುತ್ತಿದ್ದರು. 1698ರಲ್ಲಿ ಸಭೆ ತನ್ನೊಳಗಿನಿಂದಲೇ ವಿಲಿಯಂ ರಿಟನ್‌ಹೌಸ್ ಅವರನ್ನು ಬೋಧಕರನ್ನಾಗಿ ಆರಿಸಿತು. ಆದರೆ ಬೋಧಕರಿಗೆ ಪ್ರಸಂಗ ಮಾಡುವ ಅಧಿಕಾರವಿತ್ತೇ ಹೊರತು, ದೀಕ್ಷಾಸ್ನಾನ ಕೊಡುವುದೂ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನವನ್ನು ನಡೆಸುವುದೂ ಹಿರಿಯರೆಂದು ಕರೆಯಲಾಗುವ ಬಿಷಪ್ ಸ್ಥಾನದವರಿಗೆ ಮೀಸಲು. ಹಿರಿಯರನ್ನು ನೇಮಿಸಲು ಇನ್ನೊಬ್ಬ ಹಿರಿಯರೇ ಬೇಕು. ಅಂಥವರು ಅಟ್ಲಾಂಟಿಕ್‌ನ ಆಚೆ ದಡದಲ್ಲಿದ್ದರು. ವಯಸ್ಕರ ದೀಕ್ಷೆಯೇ ತಮ್ಮ ಅಸ್ತಿತ್ವದ ಆಧಾರವೆಂದು ಪ್ರಾಣ ತೆತ್ತ ಪಂಥದ ಒಂದು ಸಭೆ, ಬೆಳೆದ ತನ್ನ ಮಕ್ಕಳಿಗೆ ದೀಕ್ಷೆ ಕೊಡಲಾರದೆ ವರ್ಷಗಟ್ಟಲೆ ಕಾದ ಪರಿಸ್ಥಿತಿ ಇದು. ಯೂರೋಪಿನ ಸಭೆಗಳಿಗೆ ಪತ್ರ ಬರೆದರೂ ಸಮುದ್ರ ದಾಟಿ ಬರಲು ಯಾರೂ ಸಿದ್ಧರಾಗಲಿಲ್ಲ.

ರಿಟನ್‌ಹೌಸ್ ಅವರು ಈ ಕಾಲದಲ್ಲಿ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸವೂ ಗಮನಾರ್ಹ, ಏಕೆಂದರೆ ಮೆನ್ನೊನೈಟ್ ಬೋಧಕರಿಗೆ ಸಂಬಳವಿರಲಿಲ್ಲ. ಮ್ಯೂಲ್‌ಹೈಮ್‌ನಲ್ಲಿ ಹುಟ್ಟಿ ಆಮ್‌ಸ್ಟರ್‌ಡಾಮ್‌ನಲ್ಲಿ ನೆಲೆಸಿದ್ದ ಅವರು, 1690ರಲ್ಲಿ ಮುದ್ರಕ ವಿಲಿಯಂ ಬ್ರಾಡ್‌ಫರ್ಡ್ ಮೊದಲಾದವರ ಪಾಲುದಾರಿಕೆಯೊಡನೆ ಮೊನೊಶೋನ್ ಹೊಳೆಯ ದಂಡೆಯಲ್ಲಿ ಬ್ರಿಟಿಷ್ ಅಮೆರಿಕದ ಮೊದಲ ಕಾಗದದ ಗಿರಣಿಯನ್ನು ಸ್ಥಾಪಿಸಿದರು. ಆಗ ಕಾಗದಕ್ಕೆ ಮರದ ತಿರುಳಲ್ಲ, ಹರಿದ ನಾರುಬಟ್ಟೆಯೇ ಕಚ್ಚಾವಸ್ತು. ಚಿಂದಿಯನ್ನು ನೆನೆಹಾಕಿ ಕೊಳೆಸಿ, ನೀರಿನ ಚಕ್ರದಿಂದ ಏಳುಬೀಳುವ ಮರದ ಒನಕೆಗಳ ಕೆಳಗೆ ಕುಟ್ಟಿ ಗಂಜಿಯಂತೆ ಮಾಡಿ, ತಂತಿಜಾಲದ ಚೌಕಟ್ಟನ್ನು ತೊಟ್ಟಿಯಲ್ಲಿ ಅದ್ದಿ ಹಾಳೆ ಹಾಳೆಯಾಗಿ ಎತ್ತಿ, ಉಣ್ಣೆಯ ಬಟ್ಟೆಗಳ ನಡುವೆ ಒತ್ತಿ ನೀರಿಳಿಸಿ, ಹಗ್ಗದ ಮೇಲೆ ಒಣಹಾಕುತ್ತಿದ್ದರು. ನಾರುಬಟ್ಟೆ ನೇಯುವವರ ಊರಿನ ಪಕ್ಕದಲ್ಲೇ ಈ ಗಿರಣಿ ಎದ್ದದ್ದರಲ್ಲಿ ಒಂದು ಔಚಿತ್ಯವಿದೆ. 1701ರ ಪ್ರವಾಹದಲ್ಲಿ ಗಿರಣಿ ಕೊಚ್ಚಿಹೋಯಿತು. ಅದನ್ನು ಮತ್ತೆ ಕಟ್ಟಲಾಯಿತು. ಖಗೋಳಜ್ಞ ಡೇವಿಡ್ ರಿಟನ್‌ಹೌಸ್ ಇವರ ಮರಿಮಗ.

ರಿಟನ್‌ಹೌಸ್ 1708ರ ಆರಂಭದಲ್ಲಿ ತೀರಿಕೊಂಡರು. ಕಾಯುವಿಕೆ ಮುಗಿದದ್ದು ಅದೇ ವರ್ಷ. 1702ರಲ್ಲಿ ಬೋಧಕರಾಗಿ ಆಯ್ಕೆಯಾಗಿದ್ದ ಯಾಕೋಬ್ ಗಾಟ್‌ಶಾಲ್ಕ್ ಅವರು, ಸಾಗರದಾಚೆಯಿಂದ ಯಾವ ಹಿರಿಯರೂ ಬಂದು ತಲೆಯ ಮೇಲೆ ಕೈಯಿಡದೆಯೇ, 1708ರ ಮೇ 9ರಂದು ಹನ್ನೊಂದು ಮಂದಿಗೆ ದೀಕ್ಷಾಸ್ನಾನ ಕೊಟ್ಟರು. ಎರಡು ವಾರಗಳ ನಂತರ ಮೊದಲ ಕರ್ತನ ಭೋಜನ ನಡೆಯಿತು. ಮರದ ದಿಮ್ಮಿಗಳ ಮೊದಲ ಮಂದಿರವೂ ಅದೇ ವರ್ಷದ್ದು. ಸಭೆಯ ನಿಜವಾದ ಜನ್ಮವರ್ಷ 1683 ಅಲ್ಲ, 1708 ಎಂದು ಎಣಿಸುವುದೇ ನ್ಯಾಯ. ಅಧಿಕಾರ ಮೇಲಿನಿಂದ ಇಳಿದು ಬರಬೇಕಿಲ್ಲ, ಸೇರಿದ ಭಕ್ತರ ಒಮ್ಮತವೇ ಸಾಕು ಎಂಬ ತೀರ್ಮಾನಕ್ಕೆ ಅವರು ಬಂದದ್ದು ಸಿದ್ಧಾಂತದ ಚರ್ಚೆಯಿಂದಲ್ಲ, ಬೇರೆ ದಾರಿಯೇ ಇಲ್ಲದೆ.

ಬೆಳವಣಿಗೆ ಮಾತ್ರ ಬೇರೆಡೆ ಆಯಿತು. ಉತ್ತರದ ಸ್ಕಿಪ್ಯಾಕ್‌ನಲ್ಲಿ ಅಗ್ಗದ ಹೊಲಗಳು ಸಿಕ್ಕಿದ್ದರಿಂದ 1702ರಿಂದಲೇ ಕುಟುಂಬಗಳು ಅತ್ತ ಸರಿದವು. 1710ರ ನಂತರ ಬಂದ ಸ್ವಿಸ್ ಮೆನ್ನೊನೈಟರು ಲ್ಯಾಂಕಾಸ್ಟರ್ ಸೀಮೆಯನ್ನು ಹಿಡಿದರು. ಪೇಟೆಯಾಗಿ ಬೆಳೆದ ಜರ್ಮನ್‌ಟೌನ್‌ನಲ್ಲಿ ಉಳಿದ ಕೆಲವರೇ ದಿಮ್ಮಿಯ ಮಂದಿರದ ಜಾಗದಲ್ಲಿ 1770ರಲ್ಲಿ ಕಲ್ಲಿನದನ್ನು ಕಟ್ಟಿದರು. ಏಳು ವರ್ಷಗಳೊಳಗೆ, 1777ರ ಅಕ್ಟೋಬರ್ 4ರಂದು, ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕದನವೊಂದು ಇದೇ ಬೀದಿಯಲ್ಲಿ ನಡೆದು, ಬ್ರಿಟಿಷ್ ಸೇನಾಧಿಕಾರಿ ಜೇಮ್ಸ್ ಆಗ್ನ್ಯೂ ಅವರನ್ನು ಕೊಂದ ಗುಂಡು ಮಂದಿರದ ಸ್ಮಶಾನದ ಗೋಡೆಯ ಮರೆಯಿಂದ ಹಾರಿತೆಂಬ ಪ್ರತೀತಿ ಉಳಿಯಿತು. ಆಯುಧ ಮುಟ್ಟದವರ ಗೋಡೆಗೆ ಇಂಥ ಖ್ಯಾತಿ ಅಂಟಿದ್ದು ವಿಪರ್ಯಾಸವೇ ಸರಿ. ಮುಂದಿನ ಒಂದೂವರೆ ಶತಮಾನದಲ್ಲಿ ಆರಾಧನೆಯ ಭಾಷೆ ಇಂಗ್ಲಿಷಿಗೆ ಹೊರಳಿತು, ಸದಸ್ಯರು ಕರಗಿದರು. 1950ರ ದಶಕದಲ್ಲಿ ಕಟ್ಟಡದ ರಕ್ಷಣೆಗೆಂದೇ ಪ್ರತ್ಯೇಕ ಸಂಸ್ಥೆ ರಚನೆಯಾಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಗರದ ಹೊಸ ತಲೆಮಾರಿನಿಂದ ಸಭೆ ಚೇತರಿಸಿಕೊಂಡು ಹತ್ತಿರದ ಬೇರೆ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಹಳೆಯ ಮಂದಿರ ವಸ್ತುಸಂಗ್ರಹಾಲಯವಾಯಿತು. ಸಲಿಂಗಿಗಳನ್ನೂ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುವ ನಿರ್ಧಾರವನ್ನು ಸಭೆ ಬಿಡಲೊಪ್ಪದ ಕಾರಣ, ಸುತ್ತಲಿನ ಸಭೆಗಳ ಒಕ್ಕೂಟವಾದ ಫ್ರಾಂಕೋನಿಯ ಕಾನ್ಫರೆನ್ಸ್ 1997ರಲ್ಲಿ ಮತದಾನ ನಡೆಸಿ ಅದನ್ನು ಹೊರಹಾಕಿತು. ಸರಿ ತಪ್ಪುಗಳ ಬಗ್ಗೆ ಮೆನ್ನೊನೈಟರಲ್ಲೇ ಒಮ್ಮತವಿಲ್ಲ. ಆದರೆ ಸದಸ್ಯತ್ವವನ್ನು ನಿರ್ಧರಿಸುವ ಹಕ್ಕು ಕೂಡಿದ ಸಭೆಯದೇ ಎಂದು 1997ರಲ್ಲಿ ಪಟ್ಟು ಹಿಡಿದವರು 1708ರವರ ವಾರಸುದಾರರೆಂಬುದನ್ನು ಅಲ್ಲಗಳೆಯಲಾಗದು. ಅಮೆರಿಕದ ಮೆನ್ನೊನೈಟರ ಪ್ರಮುಖ ರಾಷ್ಟ್ರೀಯ ಸಂಘಟನೆಯಾದ ಮೆನ್ನೊನೈಟ್ ಚರ್ಚ್ ಯುಎಸ್‌ಎ, ಸಲಿಂಗ ವಿವಾಹವನ್ನು ನೆರವೇರಿಸದಂತೆ ಸಭಾಪಾಲಕರನ್ನು ತಡೆಯುತ್ತಿದ್ದ ತನ್ನ ಸದಸ್ಯತ್ವ ಮಾರ್ಗಸೂಚಿಗಳನ್ನು ಪ್ರತಿನಿಧಿಗಳ ಮತದಿಂದ ಕೈಬಿಟ್ಟಿದ್ದು 2022ರ ಮೇ ತಿಂಗಳಲ್ಲಿ, ಜರ್ಮನ್‌ಟೌನ್ ಸಭೆಯ ಉಚ್ಚಾಟನೆಯಾದ ಸುಮಾರು ಇಪ್ಪತ್ತೈದು ವರ್ಷಗಳ ನಂತರ.