ಕಾಕತಾಲೀಯವೋ, ಔಷಧದ ಗುಣವೋ?

ಕಾಗೆಯೊಂದು ಹಾರಿಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಕ್ಷಣದಲ್ಲಿ ಹಣ್ಣು ಕೆಳಗೆ ಬಿದ್ದಿತು. ಕಂಡವರು ಕಾಗೆಯೇ ಹಣ್ಣನ್ನು ಕೆಡಹಿತೆಂದರು. ಕಳಿತ ಹಣ್ಣು ಕಾಗೆ ಬಾರದಿದ್ದರೂ ಬೀಳುತ್ತಿತ್ತೇನೋ ಎಂದು ಯಾರೂ ವಿಚಾರಿಸಲಿಲ್ಲ. ಇದನ್ನೇ ಹಿರಿಯರು ಕಾಕತಾಲೀಯ ನ್ಯಾಯವೆಂದು ಕರೆದಿರುವರು. ಮೂವತ್ತು ವರ್ಷಕಾಲ ಈ ನ್ಯಾಯವನ್ನು ಬಾಲಕರಿಗೆ ಬೋಧಿಸಿದ ನಾವೇ ಕಳೆದ ಮಳೆಗಾಲದಲ್ಲಿ ಅದಕ್ಕೆ ಉದಾಹರಣೆಯಾದೆವು.

ನಿವೃತ್ತರಾದ ಮೇಲೆ ನಮಗೆ ನಿದ್ರೆಯು ದೂರವಾಗಿತ್ತು. ಸ್ನೇಹಿತರೊಬ್ಬರು ಒಂದು ಚೂರ್ಣವನ್ನು ತಂದುಕೊಟ್ಟರು. ಸೇವಿಸಿದ ಮೂರನೆಯ ರಾತ್ರಿಯೇ ಗಾಢನಿದ್ರೆ ಬಂದಿತು. ಅದರ ಮಹಿಮೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದೆವು. ನಮ್ಮ ಭಾವಮೈದುನರಂತೂ ನಮ್ಮ ಮಾತನ್ನು ನಂಬಿ, ವೈದ್ಯರು ಕೊಟ್ಟಿದ್ದ ಮಾತ್ರೆಗಳನ್ನು ನಿಲ್ಲಿಸಿ ಚೂರ್ಣವನ್ನು ಹಿಡಿದರು. ಹದಿನೈದು ದಿನ ಸರಿಯಾಗಿ ನಿದ್ರೆಯಿಲ್ಲದೆ ಕಂಗೆಟ್ಟರು. ಆಗ ನಮ್ಮ ಗೃಹಿಣಿಯು, "ಚೂರ್ಣ ಹಿಡಿದ ದಿನದಿಂದಲೇ ನೀವು ರಾತ್ರಿಯ ಕಾಫಿಯನ್ನೂ ಬಿಟ್ಟಿರಲ್ಲವೆ? ನಿದ್ರೆ ಬಂದದ್ದು ಯಾವುದರಿಂದ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಒಂದು ಔಷಧದಿಂದ ನಿಜವಾಗಿ ಗುಣವಾಯಿತೋ, ಅಥವಾ ಅದು ಆಕಸ್ಮಿಕವೋ ಎಂಬುದನ್ನು ತೂಗಿನೋಡಲು ಈಗ ಸಂಖ್ಯಾಶಾಸ್ತ್ರದಲ್ಲಿ ಒಂದು ತಕ್ಕಡಿಯುಂಟು. ಅದನ್ನು ಸಿದ್ಧಪಡಿಸಿದವರು ವೈದ್ಯರಲ್ಲ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಗಿನ್ನೆಸ್ ಎಂಬ ಬಿಯರ್ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ ಎಂಬವರು. ಅವರ ಕೆಲಸದಲ್ಲಿ ಪರೀಕ್ಷೆಗೆ ಕೆಲವೇ ಮಾದರಿಗಳು ದೊರೆಯುತ್ತಿದ್ದವು. ಅಷ್ಟು ಅಲ್ಪವಾದ ಆಧಾರದಿಂದ ಎಷ್ಟು ಧೈರ್ಯವಾಗಿ ನಿರ್ಣಯಿಸಬಹುದೆಂಬುದೇ ಅವರ ಚಿಂತೆ. 1908ರಲ್ಲಿ 'ಬಯೋಮೆಟ್ರಿಕಾ' ಎಂಬ ಪತ್ರಿಕೆಯಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದಾಗ ಅವರು ಹಾಕಿದ ಹೆಸರು 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ. ಉಪಾಧ್ಯಾಯರಾಗಿದ್ದ ನಮಗೆ ಈ ಹೆಸರು ಬಹಳ ಹಿಡಿಸಿತು.

ಆ ಲೇಖನದಲ್ಲಿ ಗಾಸೆಟ್ಟರು ಉದಾಹರಣೆಗಾಗಿ ತೆಗೆದುಕೊಂಡ ವಿಷಯವೂ ನಿದ್ರೆಯೇ. ಅಮೆರಿಕದ ಮಿಚಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ 10 ಮಂದಿಗೆ ಎರಡು ನಿದ್ರೌಷಧಗಳನ್ನು ಬೇರೆ ಬೇರೆ ರಾತ್ರಿಗಳಲ್ಲಿ ಕೊಟ್ಟಿದ್ದರು. ಔಷಧವಿಲ್ಲದ ರಾತ್ರಿಗಳಿಗಿಂತ ಪ್ರತಿಯೊಬ್ಬರೂ ಎಷ್ಟು ಗಂಟೆ ಹೆಚ್ಚು ನಿದ್ರಿಸಿದರೆಂಬ ಲೆಕ್ಕವನ್ನು ಕುಷ್ನಿ ಮತ್ತು ಪೀಬಲ್ಸ್ ಎಂಬವರು 1905ರಲ್ಲಿ ಪ್ರಕಟಿಸಿದ್ದರು. ಮೊದಲನೆಯ ಔಷಧದಿಂದ ಸರಾಸರಿ 0.75 ಗಂಟೆ ಹೆಚ್ಚು ನಿದ್ರೆ, ಎರಡನೆಯದರಿಂದ 2.33 ಗಂಟೆ. ಅಂತರವು 1.58 ಗಂಟೆ.

ಎರಡನೆಯದೇ ಮೇಲೆಂದು ನಾವು ನೀವು ಕೂಡಲೆ ತೀರ್ಪು ಕೊಟ್ಟುಬಿಡುವೆವು. ಆದರೆ ಒಳಗಿನ ಅಂಕಿಗಳನ್ನು ನೋಡಿರಿ. ಮೊದಲನೆಯ ಔಷಧದಿಂದ ಒಬ್ಬನಿಗೆ 3.7 ಗಂಟೆ ನಿದ್ರೆ ಹೆಚ್ಚಿತು; ಇನ್ನೊಬ್ಬನಿಗೆ 1.6 ಗಂಟೆ ಕಡಮೆಯೇ ಆಯಿತು. ಒಂದೇ ಔಷಧವನ್ನು ಸೇವಿಸಿದವರೊಳಗೇ ಐದು ಗಂಟೆಗೂ ಮೀರಿದ ವ್ಯತ್ಯಾಸವಿರುವಾಗ, ಎರಡು ಸರಾಸರಿಗಳ ನಡುವೆ ಒಂದೂವರೆ ಗಂಟೆಯ ಅಂತರವು ತಾನಾಗಿಯೇ ಬಂದಿರಬಾರದೇಕೆ? ಆದುದರಿಂದ ತಕ್ಕಡಿಯ ಒಂದು ತಟ್ಟೆಯಲ್ಲಿ ಸರಾಸರಿಗಳ ಅಂತರವನ್ನೂ, ಇನ್ನೊಂದರಲ್ಲಿ ರೋಗಿರೋಗಿಗಳ ನಡುವಣ ಏರಿಳಿತವನ್ನೂ ಇಟ್ಟು ತೂಗಬೇಕು. ರೋಗಿಗಳ ಸಂಖ್ಯೆ ಹೆಚ್ಚಿದಷ್ಟೂ ಈ ಏರಿಳಿತದ ಭಾರವು ಕುಗ್ಗುವುದು. ಬಳಿಕ ಕೇಳತಕ್ಕ ಪ್ರಶ್ನೆಯಿದು: ಎರಡು ಔಷಧಗಳಿಗೂ ಭೇದವೇ ಇಲ್ಲವೆಂದು ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರವು ಆಕಸ್ಮಿಕವಾಗಿ ಎಷ್ಟು ಸಲ ಕಂಡೀತು?

ಔಷಧಕ್ಕೊಂದರಂತೆ ಹತ್ತು ಹತ್ತು ಮಂದಿಯ ಎರಡು ಬೇರೆ ಗುಂಪುಗಳಿದ್ದು ಇವೇ ಅಂಕಿಗಳು ಬಂದಿದ್ದರೆ, ಉತ್ತರವು ನೂರರಲ್ಲಿ ಸುಮಾರು ಎಂಟು ಸಲ ಎಂದಾಗುತ್ತಿತ್ತು. ನೂರರಲ್ಲಿ ಐದಕ್ಕಿಂತ ಕಡಮೆಯಾದರೆ ಮಾತ್ರ ಗಮನಾರ್ಹವೆನ್ನುವುದು ರೂಢಿ. ಆದುದರಿಂದ ಸಂಶಯವು ತೀರುತ್ತಿರಲಿಲ್ಲ. ಆದರೆ ಇಲ್ಲಿ ಎರಡು ಔಷಧಗಳನ್ನೂ ಸೇವಿಸಿದವರು ಅದೇ ಹತ್ತು ಮಂದಿ. ಪ್ರತಿಯೊಬ್ಬನನ್ನೂ ಅವನೊಡನೆಯೇ ಹೋಲಿಸಿದರೆ, ಸಹಜವಾಗಿ ಬೇಗ ಮಲಗುವವನು, ಎಚ್ಚರವಿರುವವನು ಎಂಬ ಭೇದವು ಲೆಕ್ಕದಿಂದ ಬಹುಮಟ್ಟಿಗೆ ಕಳೆದುಹೋಗುವುದು. ಒಂಬತ್ತು ಮಂದಿಗೆ ಎರಡನೆಯ ಔಷಧದಿಂದಲೇ ನಿದ್ರೆ ಹೆಚ್ಚಿತ್ತು. ಒಬ್ಬನಿಗೆ ಎರಡೂ ಸಮವಾಗಿದ್ದವು. ಹೀಗೆ ತೂಗಿದಾಗ ಉತ್ತರವು ಸಾವಿರದಲ್ಲಿ ಸುಮಾರು ಮೂರು ಸಲಕ್ಕೆ ಇಳಿಯಿತು. ಅಂಕಿಗಳು ಅವೇ, ಸರಾಸರಿಗಳೂ ಅವೇ. ಹೋಲಿಸಿದ ಕ್ರಮ ಮಾತ್ರ ಬೇರೆ.

ಆದರೂ ಈ ತಕ್ಕಡಿಯು ಎಲ್ಲವನ್ನೂ ಹೇಳಲಾರದು. ಸಾವಿರಾರು ರೋಗಿಗಳಿದ್ದರೆ ಐದು ನಿಮಿಷದ ಲಾಭವೂ ಪರೀಕ್ಷೆಯಲ್ಲಿ ತೇರ್ಗಡೆಯಾದೀತು. ಆ ಐದು ನಿಮಿಷಕ್ಕಾಗಿ ಹಣ ತೆರುವುದು ವಿವೇಕವೆ ಎಂಬುದು ಬೇರೆಯ ಪ್ರಶ್ನೆ. ಅಲ್ಲದೆ ಸರಾಸರಿಯೆಂಬುದು ಗುಂಪಿನ ಮಾತು, ಒಬ್ಬನ ಮಾತಲ್ಲ. ಆ ಹತ್ತು ಮಂದಿಯಲ್ಲಿ ಐದನೆಯವನಿಗೆ ಯಾವ ಔಷಧದಿಂದಲೂ ಲಾಭವಾಗಲಿಲ್ಲ. ಎರಡರಿಂದಲೂ ಅವನ ನಿದ್ರೆ ಆರು ನಿಮಿಷದಷ್ಟು ಕಡಮೆಯೇ ಆಯಿತು.

ಆದುದರಿಂದ ಯಾರಾದರೂ ಒಂದು ಮದ್ದನ್ನು ಹೊಗಳಿದಾಗ ಗೃಹಸ್ಥರು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಎಷ್ಟು ಮಂದಿಗೆ ಕೊಟ್ಟು ನೋಡಿದರು? ಯಾವುದರೊಡನೆ ಹೋಲಿಸಿದರು? ಸೇವಿಸಿದವರಲ್ಲೇ ಏರಿಳಿತವೆಷ್ಟು? ದೊರೆತ ಲಾಭವು ಬೆಲೆಗೆ ತಕ್ಕದ್ದೆ? ನಮ್ಮ ಚೂರ್ಣವನ್ನು ಹೀಗೆ ಕೇಳಿದರೆ ಗತಿಯೇನು? ಸೇವಿಸಿದವರು ಒಬ್ಬರು, ಹೋಲಿಕೆಯಿಲ್ಲ, ಕಾಫಿಯನ್ನು ಬಿಟ್ಟದ್ದೂ ಅದೇ ದಿನ.

ಭಾವಮೈದುನರು ವೈದ್ಯರಲ್ಲಿಗೆ ಹೋಗಿ ಮರಳಿ ಮಾತ್ರೆಗಳನ್ನು ಹಿಡಿದರು, ಈಗ ಸುಖವಾಗಿರುವರು. ನಾವು ಅವರ ಕ್ಷಮೆಯನ್ನು ಕೇಳಿದೆವು. ಚೂರ್ಣದ ಡಬ್ಬಿ ಇನ್ನೂ ಕಪಾಟಿನಲ್ಲಿದೆ. ಅದರ ಗುಣವನ್ನು ಯಾರಾದರೂ ವಿಚಾರಿಸಿದರೆ, "ಕಾಗೆ ಕುಳಿತುದನ್ನು ಕಂಡೆವು, ಹಣ್ಣು ಬಿದ್ದುದನ್ನೂ ಕಂಡೆವು, ಅದಕ್ಕಿಂತ ಹೆಚ್ಚಿನದನ್ನು ನಾವು ಅರಿಯೆವು" ಎಂದಷ್ಟೇ ಹೇಳುತ್ತೇವೆ.